ಅಚ್ಚಿಗೆ ತಕ್ಕ ಹಿಟ್ಟು

ಬೇಕರಿಯಮ್ಮನ ಕಡೆಗೆ ಯಾರೂ ಬೊಟ್ಟು ಮಾಡಿ ತೋರಿಸುವಂತಿರಲಿಲ್ಲ. ಬಸುರಿ ಸೊಸೆಯನ್ನು ಆಕೆ ಅಂಗೈಯಲ್ಲಿಟ್ಟು ಸಾಕುತ್ತಿದ್ದಳು. ಒಲೆಯ ಕಾವಿಗೆ ಹೋಗಗೊಡಳು, ಬ್ರೆಡ್ಡಿನ ತಟ್ಟೆ ಎತ್ತಗೊಡಳು, ಕಾಲು ಊದಿದರೆ ತಾನೇ ಕೂತು ಎಣ್ಣೆ ತಿಕ್ಕುವಳು. ಒಂದೇ ಒಂದು ವಿಷಯದಲ್ಲಿ ಕೈ ಬಿಗಿ ಹಿಡಿದಳು, ಅದು ಊಟ. ಜಿಪುಣಿಯೇ? ಛೆ, ಛೆ! ಹಾಗಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಿಪುಣರ ಕಣ್ಣು ತಪ್ಪಿಸಿಯಾದರೂ ತಿನ್ನಬಹುದು. ಇವಳು ಹೆದರಿದ್ದಳು.

ಹಿಂದಿನ ವರ್ಷ ಅವಳ ಒಬ್ಬಳೇ ಮಗಳು ತವರಿಗೆ ಹೆರಲು ಬಂದು ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಗುಂಡುಗುಂಡಾದ ಮಗು, ಹೊರಗೆ ಬರಲಾರದೆ ಸಿಕ್ಕಿಕೊಂಡಿತು, ತಾಯಿಯ ಜತೆಗೇ ಹೋಯಿತು. ಬಸುರಿಗೆ ಬೆಣ್ಣೆ, ಮೊಟ್ಟೆ, ಹಾಲು ಎಲ್ಲವನ್ನೂ ಬೇಡವೆಂದರೂ ಬಿಡದೆ ತಿನ್ನಿಸಿದ್ದವಳು ಈ ತಾಯಿಯೇ. ನಾನೇ ತಿನ್ನಿಸಿ ಕೊಂದೆ ಎಂಬುದು ಅವಳ ಎದೆಯಲ್ಲಿ ಕೂತುಬಿಟ್ಟಿತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಅನ್ನುತ್ತಾರಲ್ಲ, ಇವಳು ಮಜ್ಜಿಗೆಯ ಲೋಟವನ್ನೇ ಕಿತ್ತುಕೊಂಡಳು.

ಜನ್ಮವಿಡೀ ಬ್ರೆಡ್ಡಿನ ಅಚ್ಚಿಗೆ ಹಿಟ್ಟು ತುಂಬಿದ ಕೈ ಅದು. ಒಂದು ಹಿಡಿ ಹೆಚ್ಚಾದರೆ ಹಿಟ್ಟು ಉಬ್ಬಿ ಅಂಚಿಗೆ ಕಚ್ಚಿಕೊಳ್ಳುತ್ತದೆ. ಬಡಿದರೂ ಬೀಳುವುದಿಲ್ಲ, ಎಳೆದರೆ ಹರಿಯುತ್ತದೆ. ಅಳತೆಯಾಗಿ ಹಾಕಿದರೆ ತಟ್ಟಿದೊಡನೆ ಜಾರಿ ಬರುತ್ತದೆ. ಅವಳ ಪಾಲಿಗೆ ಇದಕ್ಕಿಂತ ದೊಡ್ಡ ಶಾಸ್ತ್ರವಿರಲಿಲ್ಲ.

"ನೋಡು ತಾಯಿ," ಎಂದಳು ಸೊಸೆಗೆ, "ಅಚ್ಚು ಇರೋದು ಇಷ್ಟೇ. ಕಂಡಿದ್ದೆಲ್ಲ ತಿಂದ್ರೆ ಒಳಗಿರೋದು ಉಬ್ಬುತ್ತೆ. ಸಣ್ಣದಾಗಿ ಹುಟ್ಲಿ, ಸುಖವಾಗಿ ಹುಟ್ಲಿ. ಹೊರಗೆ ಬಂದ್ಮೇಲೆ ಬೆಳೆಸೋಕೆ ನಾನಿದ್ದೀನಲ್ಲ!"

ಸೊಸೆ ಎದುರಾಡಲಿಲ್ಲ. ನಾದಿನಿಯ ಕೂಗು ಅವಳ ಕಿವಿಯಲ್ಲೂ ಇನ್ನೂ ಇತ್ತು. ಹೊತ್ತಿಗೊಂದು ಸೌಟು ಗಂಜಿ, ಬ್ರೆಡ್ಡಿನ ಒಂದು ಚೂರು. ಎರಡನೇ ಸಲ ಬಡಿಸುವ ಮಾತಿಲ್ಲ. ಆಸ್ಪತ್ರೆಯವರು ಕೊಟ್ಟ ಕೆಂಪು ಮಾತ್ರೆಗಳೂ ಮಗುವನ್ನು ದಪ್ಪ ಮಾಡುತ್ತವೆಂದು ಕಪಾಟಿನ ತುದಿ ಸೇರಿದವು. ಮನೆಯ ಮುಂಭಾಗವೇ ಅಂಗಡಿ, ಹಿತ್ತಲಲ್ಲೇ ಒಲೆ. ಬೇಯುವ ಬನ್ನಿನ ಘಮ ಹಾಸಿಗೆಯವರೆಗೂ ಬರುತ್ತಿತ್ತು. ಅದರ ನಡುವೆ ಕೂತು ಬಿಸಿ ಬನ್ನುಗಳನ್ನು ಕಾಗದದಲ್ಲಿ ಸುತ್ತುವ ಹುಡುಗಿಯ ಹೊಟ್ಟೆ ತಾಳ ಹಾಕುತ್ತಿತ್ತು. ಅಯ್ಯೋ, ಶತ್ರುವಿಗೂ ಬೇಡ ಆ ಶಿಕ್ಷೆ!

ಆಸ್ಪತ್ರೆಯ ನರ್ಸ್ ಹೊಟ್ಟೆಗೆ ಟೇಪು ಹಿಡಿದು ಹುಬ್ಬು ಗಂಟಿಕ್ಕಿದಳು. "ತಿಂಗಳಿಗೆ ತಕ್ಕ ಹಾಗೆ ಮಗು ಬೆಳೀತಿಲ್ಲ."

ಬೇಕರಿಯಮ್ಮನ ಮುಖ ಅರಳಿತು. "ಅಂದ್ರೆ ಸಣ್ಣದಿದೆ ಅನ್ನಿ!"

"ಖುಷಿ ಪಡೋ ವಿಷಯ ಅಲ್ಲಮ್ಮ ಇದು. ತಾಯಿ ತಿಂದ್ರೆ ತಾನೆ ಮಗುಗೆ ಸಿಗೋದು? ಅದಕ್ಕೇನು ಒಳಗೆ ಬೇರೆ ಅಡುಗೆಮನೆ ಇದೆಯಾ?"

"ನನ್ನ ಮಗಳು ತಿಂದೇ ಸತ್ತಿದ್ದು."

"ತಿಂದಿದ್ದಕ್ಕಲ್ಲ. ಮಗು ಅಡ್ಡ ತಿರುಗಿತ್ತು. ಬೇಗ ಕರ್ಕೊಂಡು ಬಂದಿದ್ರೆ ಆಪರೇಷನ್ ಮಾಡಿ ಇಬ್ಬರನ್ನೂ ಉಳಿಸಬಹುದಿತ್ತು. ನೀವು ಮನೇಲೇ ಕಾದ್ರಿ."

ಕಾಯಿಸಿದ್ದು ಯಾರು? ಇವಳೇ. 'ಚೊಚ್ಚಲು, ನಿಧಾನ ಆಗುತ್ತೆ, ಅವಸರ ಯಾಕೆ' ಎಂದು ಅಳಿಯನನ್ನು ಗದರಿ ಕೂರಿಸಿದ್ದಳು. ತಿನ್ನಿಸಿದ್ದು ತಪ್ಪಾದರೆ ಈ ಸಲ ತಿದ್ದಿಕೊಳ್ಳಬಹುದು. ಕಾಯಿಸಿದ್ದು ತಪ್ಪಾದರೆ? ಅದನ್ನು ಹೊತ್ತುಕೊಂಡು ಅವಳು ಬದುಕುವುದು ಹೇಗೆ? "ನಾಲಿಗೆಗೆ ಮೂಳೆ ಇಲ್ಲ ಇವರಿಗೆ," ಎಂದು ಗೊಣಗುತ್ತ ಸೊಸೆಯ ಕೈ ಹಿಡಿದು ಹೊರಗೆ ನಡೆದಳು. ಮತ್ತೆ ತಪಾಸಣೆಗೆಂದು ಆ ಕಡೆಗೆ ಕರೆದುಕೊಂಡು ಹೋಗಲಿಲ್ಲ.

ಒಲೆಯ ಮುಂದೆ ದುಡಿಯುವ ಮಗನಿಗೆ ಗಿರಾಕಿಗಳ ಮುಂದೆಯೇ ಬಾಯಿ ಇರಲಿಲ್ಲ, ಅಮ್ಮನ ಮುಂದೆ ಎಲ್ಲಿಂದ ಬರಬೇಕು! ಆದರೂ ಹೆಂಡತಿಯ ಕೆನ್ನೆ ಇಳಿದದ್ದು ಕಂಡು ಸುಮ್ಮನಿರಲಾರದೆ, ಒಂದು ಮಧ್ಯಾಹ್ನ ಅಂಗಿಯೊಳಗೆ ಬನ್ನು ಬಚ್ಚಿಟ್ಟು ತಂದುಕೊಟ್ಟ. ಮೈದಾ ಮೂಟೆಗಳ ಹಿಂದೆ ಕೂತು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದ ಸೊಸೆಯ ಎದುರಿಗೆ ಅತ್ತೆ ಬಂದು ನಿಂತಳು.

ಬೈಯಲಿಲ್ಲ. ಬೈದಿದ್ದರೆ ಹುಡುಗಿ ತಿರುಗಿ ಬೀಳುತ್ತಿದ್ದಳೋ ಏನೋ. ಮುದುಕಿ ನೆಲಕ್ಕೆ ಕುಸಿದು ಅತ್ತಳು. "ಒಬ್ಬಳನ್ನ ಕಳ್ಕೊಂಡಿದ್ದು ಸಾಲದಾ? ನಿನ್ನನ್ನೂ ಮಣ್ಣಿಗೆ ಕೊಡೋ ಶಕ್ತಿ ನನಗಿಲ್ಲ ಕಣೇ." ಸೊಸೆ ಬಾಯಲ್ಲಿದ್ದುದನ್ನು ನುಂಗಿ, ಉಳಿದರ್ಧ ಬನ್ನನ್ನು ಅತ್ತೆಯ ಕೈಗಿಟ್ಟಳು. ಆಮೇಲೆ ಗಂಡ ಕದ್ದು ತಂದರೂ ಬೇಡವೆಂದಳು.

ಹೆರಿಗೆ ದಿನ ತುಂಬುವ ಮೊದಲೇ ಆಯಿತು. ಈ ಸಲ ಬೇಕರಿಯಮ್ಮ ಒಂದು ಗಳಿಗೆಯೂ ಕಾಯಲಿಲ್ಲ, ಮೊದಲ ನೋವಿಗೇ ಆಸ್ಪತ್ರೆಗೆ ಓಡಿಸಿದಳು. ಅಲ್ಲಿ ನೋಡಿದರೆ ಹೂ ಎತ್ತಿದಷ್ಟು ಸಲೀಸು! ಹೊರಗೆ ಪಡಸಾಲೆಯಲ್ಲಿ ನಿಂತಿದ್ದವಳು ಸಿಕ್ಕವರ ಕೈಯನ್ನೆಲ್ಲ ಹಿಡಿದು, "ನನ್ನ ಸೊಸೆ ಗೆದ್ದಳು, ಬದುಕಿದಳು!" ಎಂದು ನಕ್ಕಳು, ಅತ್ತಳು.

ಮಗುವನ್ನು ನೋಡಿದ್ದು ಆಮೇಲೆ. ಹೆಣ್ಣು. ಮುದುಕರ ಮುಖ, ತೊಡೆಯ ಮೇಲೆ ಜೋತುಬಿದ್ದ ಚರ್ಮ. ಬಾಯಿ ತೆರೆದರೆ ದನಿ ಹೊರಡದು, ಎದೆಗಿಟ್ಟರೆ ಚೀಪುವ ತ್ರಾಣವಿಲ್ಲ. ಗಾಜಿನ ಪೆಟ್ಟಿಗೆಯೊಳಗಿಟ್ಟು ಬೆಚ್ಚಗೆ ಮಾಡಿದರು, ಮೂಗಿಗೆ ನಳಿಗೆ ಹಾಕಿ ಹಾಲು ಹನಿಸಿದರು. ಬೇಕರಿಯಮ್ಮ ಗಾಜಿಗೆ ಹಣೆ ಹಚ್ಚಿ, "ತಿನ್ನು ಕಂದಾ, ತಿನ್ನು," ಎಂದು ಬೇಡುತ್ತಲೇ ಇದ್ದಳು. ವಾರ ಕಳೆಯುವುದರೊಳಗೆ ಮಗು ಹೋಯಿತು.

ಮಣ್ಣು ಮಾಡಿ ಬಂದ ಸಂಜೆ ಒಲೆ ಉರಿಯಲಿಲ್ಲ. ಮಗ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಬೇಕರಿಯಮ್ಮ ಗಂಜಿಯ ಪಾತ್ರೆ ತಂದು ಸೊಸೆಯ ಮುಂದಿಟ್ಟು, ರೂಢಿಯಂತೆ ಒಂದು ಸೌಟು ಬಡಿಸಿದಳು.

ಸೊಸೆ ಬಟ್ಟಲನ್ನು ನೋಡಿದಳು, ಪಾತ್ರೆಯನ್ನು ನೋಡಿದಳು. "ಅತ್ತೆ," ಎಂದಳು, "ಇನ್ನು ನಾನು ಹೊಟ್ಟೆ ತುಂಬ ತಿನ್ನಬಹುದಾ?"

ಕೊಂಕು ಮಾತಾಗಿದ್ದರೆ ಅತ್ತೆ ಹೇಗೋ ತಡೆದುಕೊಳ್ಳುತ್ತಿದ್ದಳು. ಹುಡುಗಿ ನಿಜವಾಗಿಯೂ ಅಪ್ಪಣೆ ಕೇಳುತ್ತಿದ್ದಳು. ಬೇಕರಿಯಮ್ಮ ಸೌಟನ್ನು ಕೆಳಗಿಟ್ಟಳು. ಪಾತ್ರೆಯನ್ನೇ ಸೊಸೆಯತ್ತ ತಳ್ಳಿದಳು. ಸೊಸೆ ಅದನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಎತ್ತದೆ, ತಳ ಕಾಣುವವರೆಗೂ ತಿಂದಳು.