ಪಾರ್ಕಿನ ಗರಡಿ

ಇವತ್ತೂ ಯಾರೂ ಬರದೇ ಹೋದರೆ? ಬಂದವರು ಹೆದರಿ ಓಡಿಹೋದರೆ? ಅಷ್ಟಕ್ಕೂ ಇದೇನು ನನ್ನ ಊರೇ, ನನ್ನ ಪಾರ್ಕೇ? ವರ್ಗವಾಗಿ ಬಂದು ವರ್ಗವಾಗಿ ಹೋಗುವ ಬ್ಯಾಂಕ್ ಆಫೀಸರನಿಗೆ ಈ ಉಸಾಬರಿ ಯಾಕೆ ಬೇಕಿತ್ತು?

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಪಾರ್ಕಿನಲ್ಲಿ, ಬೆಳಗಿನ ಮಬ್ಬಿನಲ್ಲಿ, ಎರಡು ಮರದ ಗದೆಗಳನ್ನು ಕಾಲಿಗೆ ಒರಗಿಸಿಕೊಂಡು ನಿಂತ ರಮಾಕಾಂತ ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಎದುರಿಗೆ, ಮುರಿದ ಜಾರುಬಂಡೆಯ ಪಕ್ಕದಲ್ಲಿ, ಪಾರ್ಕಿನ ಜಾಗ ನುಂಗಲು ಹೊರಟ ಕಂಟ್ರಾಕ್ಟರನ ಕಡೆಯವರು ಶೆಡ್ಡಿಗೆಂದು ನೆಟ್ಟುಹೋದ ಬೊಂಬುಗಳಿದ್ದವು. ಅಡ್ಡ ಬಂದ ಮುದಿ ವಾಚ್‌ಮನ್ನನನ್ನು ಹಿಂದಿನ ವಾರ ಅದೇ ಬೊಂಬಿನಲ್ಲಿ ಬಡಿದಿದ್ದರು. ಅವನ ರಕ್ತ ಬಿದ್ದ ಕಲ್ಲುಬೆಂಚನ್ನು ಇನ್ನೂ ಯಾರೂ ತೊಳೆದಿರಲಿಲ್ಲ.

ಅದು ತೊಂಬತ್ತೊಂದರ ಮಾತು. ದೂರು ಕೊಡಲು ಹೋದರೆ ಮುನಿಸಿಪಾಲಿಟಿಯವನೊಬ್ಬ ಕೈಚೆಲ್ಲಿದ. "ಯಾರೂ ಕಾಲಿಡದ ಪಾರ್ಕನ್ನ ನಾವು ಹೇಗೆ ಸಾರ್ ಕಾಯೋದು? ಹಾವು ಬಿಟ್ರೆ ಕುಡುಕರು. ನಾಲ್ಕು ಜನ ದಿನಾ ಬರೋ ಹಾಗೆ ಮಾಡಿ, ಆಮೇಲೆ ಶೆಡ್ ಹೇಗೆ ಏಳುತ್ತೋ ನೋಡೋಣ."

ಜನರನ್ನು ದಿನಾ ಬರುವಂತೆ ಮಾಡುವ ವಿದ್ಯೆ ರಮಾಕಾಂತನಿಗೆ ಗೊತ್ತಿದ್ದದ್ದು ಒಂದೇ. ಮೈಸೂರಿನಲ್ಲಿ ಅವನ ಸೋದರಮಾವ ಗರಡಿ ನಡೆಸುತ್ತಿದ್ದರು. ಕಾಲೇಜು ಮುಗಿಸುವವರೆಗೂ ಅವನು ಅಲ್ಲಿ ಸಾಮು ಮಾಡಿದ್ದ. ಮಾವ ತೀರಿಕೊಂಡ ಮೇಲೆ ಈ ಗದೆಗಳು ವರ್ಗದ ಸಾಮಾನಿನೊಂದಿಗೆ ಊರೂರು ತಿರುಗಿ ವಿಶಾಖಪಟ್ಟಣದ ಬಾಡಿಗೆಮನೆಯ ಮಂಚದಡಿ ಸೇರಿದ್ದವು. ಆಫೀಸಿನಲ್ಲೂ ಮಾತಾಡದ ಗಂಡ ಮನೆಮನೆಯ ಬೆಲ್ ಒತ್ತಿ, ಹರಕು ತೆಲುಗಿನಲ್ಲಿ "ಬೆಳಿಗ್ಗೆ ಪಾರ್ಕಿಗೆ ಬನ್ನಿ, ಕೈಕಾಲು ಆಡಿಸೋಣ" ಎಂದು ಕರೆಯುವುದನ್ನು ಕಂಡು ಮೃಣಾಲಿನಿ ಮೂಗಿನ ಮೇಲೆ ಬೆರಳಿಟ್ಟಿದ್ದಳು.

ಆ ಬೆಳಿಗ್ಗೆ ಮೊದಲು ಗೇಟು ತಳ್ಳಿದ್ದು ಪಕ್ಕದ ಬೀದಿಯ ಅನ್ನಪೂರ್ಣಮ್ಮ. ಸಕ್ಕರೆ ಕಾಯಿಲೆಯ ದಪ್ಪ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು ಕದನಕ್ಕೆ ಬಂದವಳಂತೆ ಬಂದಳು.

"ಮೇನೇಜರ್ ಗಾರೂ, ನಾನು ಒಂದ್ಸಲ ಬಗ್ಗಿದ್ರೆ ಎತ್ತೋಕೆ ಪೋರ್ಟಿನಿಂದ ಕ್ರೇನ್ ತರಿಸಬೇಕು. ಈಗಲೇ ಹೇಳಿರ್ತೀನಿ."

ಅವಳ ಹಿಂದೆ ಇನ್ನೂ ಕೆಲವರು ನಗುತ್ತ ಬಂದರು. ತಿಂಗಳೊಪ್ಪತ್ತಿನಲ್ಲಿ ಪಾರ್ಕು ತುಂಬಿತು. ಶುರುಮಾಡುವ ಮೊದಲು ಎಲ್ಲರೂ ಬಗ್ಗಿ ಚಿಟಿಕೆ ಮಣ್ಣನ್ನು ಹಣೆಗೊತ್ತಿಕೊಳ್ಳಬೇಕು. ಅದು ಮಾವನ ಗರಡಿಯ ಪದ್ಧತಿ. ಆಮೇಲೆ ಬಸ್ಕಿ, ತೋಳು ಬೀಸುವುದು, ಗಟ್ಟಿಗರಿಗೆ ಗದೆ ತಿರುಗಿಸುವುದು. ಬೊಂಬುಗಳನ್ನು ಕಿತ್ತು ಅವುಗಳಲ್ಲೇ ಜೋತಾಡುವ ಕಂಬ ಕಟ್ಟಿದರು.

ಕಾಮೇಶ್ವರ ಬಂದಿದ್ದು ಆಗ. ಕಂಟ್ರಾಕ್ಟರನ ಆಳುಗಳಲ್ಲಿ ಅವನೇ ದೊಡ್ಡ ಮೈಯವನು. ವಾಚ್‌ಮನ್ನನಿಗೆ ಬಡಿದವರಲ್ಲಿ ಒಬ್ಬ. ಕಾಂಪೌಂಡಿನ ಮೇಲೆ ಕೂತು ಬೀಡಿ ಹಚ್ಚಿದ.

"ಏಮಂಡಿ ಮಾಸ್ಟಾರೂ, ಬೊಜ್ಜುಗಳ ಸರ್ಕಸ್ಸಾ ಇದು? ಟಿಕೆಟ್ ಎಷ್ಟು?"

"ಇಳಿದು ಬಾ. ಇದನ್ನ ತಲೆ ಮೇಲಿಂದ ತಿರುಗಿಸು. ಆಮೇಲೆ ನಗು," ಎಂದ ರಮಾಕಾಂತ.

ಕಾಮೇಶ್ವರ ಗದೆ ಎತ್ತಿದ. ತಿರುಗಿಸಲು ಹೋದಾಗ ಅದು ಬೆನ್ನಿಗೇ ಬಡಿದು ಅವನು ಮುಗ್ಗರಿಸಿದ. ಅನ್ನಪೂರ್ಣಮ್ಮ ಬಿದ್ದು ಬಿದ್ದು ನಕ್ಕಳು. ಮರುದಿನ ಅವನು ಬೀಡಿ ಇಲ್ಲದೆ ಬಂದ. ಅದರ ಮರುದಿನವೂ. ರಮಾಕಾಂತನಿಗೆ ಅವನ ಭುಜ ನೋಡುವುದೇ ಒಂದು ಸಂತೋಷವಾಯಿತು. ಮಾವ ಇದ್ದಿದ್ದರೆ ಇವನನ್ನು ಮಗನಂತೆ ಸಾಕುತ್ತಿದ್ದರು ಅಂದುಕೊಂಡ. ಒಂದು ದಿನ ಕಾಮೇಶ್ವರ ಕೇಳಿದ:

"ಗುರುವುಗಾರೂ, ಈ ಮಣ್ಣು ಯಾಕೆ?"

"ಶುರುವಿಗೆ ನಮಸ್ಕಾರ. ಇನ್ನೊಂದೂ ಇದೆ. ಕುಸ್ತಿಯಲ್ಲಿ ಸೋತವನು ಮಣ್ಣೆತ್ತಿ ಹಣೆಗೊತ್ತಿಕೊಂಡರೆ ಮುಗೀತು. ಆಮೇಲೆ ಅವನ ಮೈ ಮುಟ್ಟಬಾರದು. ಮುಟ್ಟಿದವನಿಗೆ ನಮ್ಮ ಮಾವ ಗರಡಿ ಬಾಗಿಲು ಮುಚ್ಚಿಬಿಡೋರು."

"ಕಾಲು ಹಿಡಿದರೂ ತೆಗೀತಿರಲಿಲ್ವಾ?"

"ಜನ್ಮದಲ್ಲಿ ತೆಗೀತಿರಲಿಲ್ಲ."

ಕಾಮೇಶ್ವರ ಅಂಗೈಯ ಕೆಂಪುಮಣ್ಣನ್ನು ತುಂಬ ಹೊತ್ತು ನೋಡಿದ.

ಬೇಸಿಗೆ ಬರುವ ಹೊತ್ತಿಗೆ ಒಂದು ದಿನ ಅವನು ಸಾಮು ಮುಗಿದ ಮೇಲೆ ಹಿಂದೆ ಉಳಿದ. "ನಾಳೆ ಬರಬೇಡಿ ಗುರುವುಗಾರೂ. ಹೆಂಗಸರನ್ನಂತೂ ಕರೀಲೇಬೇಡಿ. ನಾನು ಕಂಟ್ರಾಕ್ಟರನ ಅನ್ನ ತಿಂದೋನು, ನಂಗೆ ಬೇರೆ ದಾರಿ ಇಲ್ಲ."

ರಮಾಕಾಂತ ಎಲ್ಲರಿಗೂ ವಿಷಯ ತಿಳಿಸಿದ. ಅನ್ನಪೂರ್ಣಮ್ಮ ಸೊಂಟಕ್ಕೆ ಕೈಕೊಟ್ಟು, "ಹಾಗಾದ್ರೆ ನಾಳೆ ಅರ್ಧ ಗಂಟೆ ಮುಂಚೆ ಬರ್ತೀನಿ" ಅಂದಳು.

ಲಾರಿ ಬಂದಾಗ ಅವರು ತೋಳು ಬೀಸುತ್ತಿದ್ದರು. ಗೇಟು ಮುರಿದುಬಿತ್ತು. ಸೈಕಲ್ ಚೈನು, ಕಬ್ಬಿಣದ ಸಲಾಕೆ ಹಿಡಿದವರು ಕೂಗಲಿಲ್ಲ, ಬೈಯಲಿಲ್ಲ. ಕೂಲಿ ಕೆಲಸಕ್ಕೆ ಇಳಿದವರಂತೆ ಹೊಡೆಯತೊಡಗಿದರು. ಜೋತಾಡುವ ಕಂಬ ಉರುಳಿತು. ರಿಟೈರಾದ ಮೇಷ್ಟರೊಬ್ಬರ ಕಿವಿಯ ಮೇಲೆ ಚೈನು ಬಿದ್ದು ಬಿಳಿ ಬನಿಯನ್ನು ಕ್ಷಣದಲ್ಲಿ ಕೆಂಪಾಯಿತು. ಅನ್ನಪೂರ್ಣಮ್ಮ ಓಡಲಿಲ್ಲ, ಓಡಲು ಅವಳಿಗೆ ಬರುತ್ತಿರಲಿಲ್ಲ. "ಪಾಪಿಷ್ಟಿಗಳಾ, ನಿಮ್ಮಮ್ಮನ ವಯಸ್ಸಿನೋಳು ಕಣ್ರೋ!" ಎಂದು ಅಡ್ಡ ಎತ್ತಿದ ಅವಳ ಕೈಗೆ ಸಲಾಕೆ ಬಿತ್ತು. ಮೂಳೆ ಮುರಿದ ಸದ್ದು ರಮಾಕಾಂತನಿಗೆ ಅಷ್ಟು ದೂರಕ್ಕೂ ಕೇಳಿಸಿತು.

ಅವನೊಳಗೆ ಏನೋ ಕಳಚಿಬಿತ್ತು. ಗದೆ ಎತ್ತಿಕೊಂಡು ನುಗ್ಗಿದ. ಮೊದಲ ಏಟು ಒಬ್ಬನ ಮೊಣಕಾಲಿಗೆ, ಎರಡನೆಯದು ಇನ್ನೊಬ್ಬನ ಪಕ್ಕೆಗೆ. ವರ್ಷಗಟ್ಟಲೆ ನುಂಗಿಕೊಂಡ ಮಾತುಗಳೆಲ್ಲ ತೋಳಿಗಿಳಿದ ಹಾಗಿತ್ತು. ತಪ್ಪೆನಿಸಬೇಕಾದದ್ದು ಸಲೀಸಾಗಿತ್ತು, ಹಿತವಾಗಿಯೂ ಇತ್ತು.

ಆಗ ಎದುರಿಗೆ ಕಾಮೇಶ್ವರ ಕಂಡ. ಕೈಯಲ್ಲಿ ದೊಣ್ಣೆ ಇತ್ತು, ಯಾರಿಗೂ ಬೀಸಿರಲಿಲ್ಲ. ರಮಾಕಾಂತನನ್ನು ನೋಡಿ ಹಿಂದೆ ಸರಿದ, ಉರುಳಿದ ಕಂಬಕ್ಕೆ ಎಡವಿ ಬಿದ್ದ. ದೊಣ್ಣೆ ಜಾರಿ ಉರುಳಿಹೋಯಿತು. ಕಾಮೇಶ್ವರ ನೆಲ ಗೋರಿ ಹಿಡಿ ಮಣ್ಣು ತೆಗೆದುಕೊಂಡ. ಕೈ ಮೇಲೆದ್ದಿತು.

ಗದೆ ಅವನ ಬಲಭುಜದ ಮೇಲೆ ಬಿತ್ತು. ಇನ್ನೊಮ್ಮೆ ಬಿತ್ತು. ಮೂರನೆಯದು ಕಪಾಳಕ್ಕೆ ತಾಗಿ ಬಾಯಿ ಒಂದು ಕಡೆಗೆ ತೆರೆದುಕೊಂಡಿತು. ಅದನ್ನು ಕಂಡು ಉಳಿದವರು ಚೈನು ಬಿಸಾಡಿ ಲಾರಿಯತ್ತ ಓಡಿದರು. ಎರಡು ತಿಂಗಳು ಬೀಡಿ ಮುಟ್ಟದಿದ್ದ ಆ ದೊಡ್ಡ ಮೈ ಕೆಂಪುಮಣ್ಣಿನಲ್ಲಿ ನಡುಗುತ್ತ ಬಿದ್ದಿತ್ತು.

ಪೊಲೀಸರು ಬಂದಾಗ ಅನ್ನಪೂರ್ಣಮ್ಮ ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಸಾಕ್ಷಿ ಹೇಳಿದಳು. "ಮೇನೇಜರ್ ಗಾರಿ ಕಣ್ಣಿಗೆ ಮಣ್ಣು ಎರಚೋಕೆ ಹೋದ ಆ ರಾಕ್ಷಸ. ಹೌದಲ್ವಾಂಡಿ?"

ಎಲ್ಲರೂ ರಮಾಕಾಂತನ ಕಡೆ ತಿರುಗಿದರು. ಅವನು ಹೌದೆಂದು ತಲೆಯಾಡಿಸಿದ.

ಪಾರ್ಕು ಉಳಿಯಿತು. ಹೊಸ ಗೇಟು, ಹೊಸ ಕಂಬಗಳು ಬಂದವು. ಕಾಲೋನಿಯವರು ರಮಾಕಾಂತನಿಗೆ ಹಾರ ಹಾಕಿದರು. ಆಸ್ಪತ್ರೆಯಲ್ಲಿ ಕಾಮೇಶ್ವರ ಬದುಕಿಕೊಂಡ, ಬಲಗೈ ಮಾತ್ರ ಭುಜದಿಂದ ಕೆಳಗೆ ಸತ್ತಿತ್ತು. ಯಾರು ಹೊಡೆದರೆಂದು ಪೊಲೀಸರು ಕೇಳಿದ್ದಕ್ಕೆ, ಗಲಾಟೆಯಲ್ಲಿ ನೋಡಲಿಲ್ಲ ಎಂದು ಬರೆಸಿದನಂತೆ. ಈ ಸುದ್ದಿ ಹೊತ್ತು ತಂದ ಮೃಣಾಲಿನಿ, "ಪಾಪ, ಒಂದ್ಸಲ ಹೋಗಿ ನೋಡ್ಕೊಂಡು ಬರೋಣ್ವೇನ್ರೀ?" ಎಂದಳು. ರಮಾಕಾಂತ ಶೂಗೆ ಪಾಲಿಶ್ ಹಾಕುತ್ತ ಕೂತಿದ್ದ. ಇನ್ನೊಂದು ಶೂ ಕೈಗೆತ್ತಿಕೊಂಡ.

ಮುಂದಿನ ವರ್ಷ ವಿಜಯವಾಡಕ್ಕೆ ವರ್ಗವಾಯಿತು. ಅವನಿಗಿಂತ ಮೊದಲೇ ಅವನ ಕಥೆ ಅಲ್ಲಿಗೆ ತಲುಪಿತ್ತು. ಬೆಂಜ್ ಸರ್ಕಲ್ಲಿನ ಹತ್ತಿರದ ಬಡಾವಣೆಯವರು ಮನೆಗೇ ಬಂದು, "ನಮ್ಮ ಪಾರ್ಕಿಗೂ ಜನ ಬರೋ ಹಾಗೆ ಮಾಡಿ ಸಾರ್, ಬೆಂಚಿನ ಮೇಲೆ ಮಲಗೋರು ಬಿಟ್ರೆ ಯಾರೂ ಇಲ್ಲ" ಎಂದು ಕೈಮುಗಿದರು. ಬೇಡವೆನ್ನಲು ಕಾರಣ ಕೊಡಬೇಕಾಗುತ್ತಿತ್ತು. ಅವನು ಹೋದ.

ಬಸ್ಕಿ ಹೊಡೆಸಿದ, ತೋಳು ಬೀಸಿಸಿದ. ಗದೆಗಳು ಮಂಚದಡಿಯೇ ಉಳಿದವು. ಜೊತೆಗೆ ಬಂದಿದ್ದ ಮೃಣಾಲಿನಿ ಮನೆಗೆ ಮರಳುವಾಗ ಕೇಳಿದಳು: "ಅಲ್ಲಾರೀ, ಇವರಿಗೆ ಮಣ್ಣು ಮುಟ್ಟಿ ನಮಸ್ಕಾರ ಮಾಡೋದು ಹೇಳಿಕೊಡಲಿಲ್ವಲ್ಲ? ಮರೆತ್ರಾ?"

"ಇಲ್ಲಿ ನೆಲ ಕೊಳಕು," ಎಂದ ರಮಾಕಾಂತ.

ಆ ಮಣ್ಣು ಕಾಮೇಶ್ವರನ ಹಣೆಗೆ ತಾಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ತಾನು ಹೊಡೆದೆ ಎಂದು ಅವನು ಯಾರಿಗೂ ಎಂದೂ ಹೇಳಲಿಲ್ಲ.