ಬಾಗಿದ ಬೇರಿನ ಭಾಷಣ

ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಎಪಿಜೆನೆಟಿಕ್ಸ್ ಕುರಿತು ಭಾಷಣ ಮಾಡಿದೆ. ಮಾಡಿ ಎಂದು ಯಾರೂ ಹೇಳಿರಲಿಲ್ಲ. ಕಳಸದ ನಮ್ಮ ಮಹಿಳಾ ಸಮಾಜದವರು ಸಂಕ್ರಾಂತಿಯ ಕಾರ್ಯಕ್ರಮಕ್ಕೆ ಕೇಳಿದ್ದು ಸ್ವಾಗತದ ಎರಡು ಮಾತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳಿಗೆ ಎರಡು ಮಾತೆಂದರೆ ನಲವತ್ತೈದು ನಿಮಿಷ. ಬೆಲ್ ಹೊಡೆಯದಿದ್ದರೆ ನನಗೆ ನಿಲ್ಲಿಸಲು ಬರುವುದಿಲ್ಲ.

ತಪ್ಪೆಲ್ಲ ನನ್ನದೇ ಅನ್ನಲಾರೆ. ಅರ್ಧ ಪ್ರೇರಣಾಳದು. ಎಂಟನೇ ಕ್ಲಾಸಿನಲ್ಲಿ ನನ್ನ ಶಿಷ್ಯೆಯಾಗಿದ್ದ ಆ ಹುಡುಗಿ ಈಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕಾಂಡಕೋಶಗಳನ್ನು, ಎಂದರೆ ಮುಂದೆ ಯಾವ ಕೋಶವಾಗಿಯೂ ಬೆಳೆಯಬಲ್ಲ ಎಳೆಯ ಕೋಶಗಳನ್ನು, ಬೆಳೆಸುತ್ತಾಳೆ. ಮಕ್ಕಳ ಮೆದುಳಿನಲ್ಲಿ ಗೆಡ್ಡೆ ಹೇಗೆ ಹುಟ್ಟುತ್ತದೆ ಎಂದು ಹುಡುಕುವುದು ಅವಳ ಕೆಲಸ. ದೀಪಾವಳಿಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಒಂದು ಗಂಟೆ ವಿವರಿಸಿದ್ದಳು. ಅರ್ಧ ನನಗೆ ಅರ್ಥವಾಗಿತ್ತು. ಉಳಿದರ್ಧವನ್ನು ಒಂದು ವಾರಪತ್ರಿಕೆಯಿಂದ ತುಂಬಿಸಿಕೊಂಡೆ.

ಭಾಷಣದ ಮೊದಲ ಭಾಗ ಸರಿಯಾಗಿಯೇ ಇತ್ತು. ಮೈಯ ಪ್ರತಿ ಜೀವಕೋಶದಲ್ಲೂ ಇರುವುದು ಒಂದೇ ಪುಸ್ತಕ, ಯಾವ ಪುಟ ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ಅದರ ಮೇಲೆ ಹಾಕಿರುವ ಗುರುತುಗಳೇ ಎಪಿಜೆನೆಟಿಕ್ಸ್ ಎಂದೆ. ಸಮಾಜದ ಹೆಂಗಸರು ಎಳ್ಳುಬೆಲ್ಲದ ಪೊಟ್ಟಣ ಬಿಚ್ಚತೊಡಗಿದರು. ಆಗ ನನಗೆ ಚಪ್ಪಾಳೆಯ ಆಸೆ ಹತ್ತಿತು. ಹಿಂದಿನ ಸಾಲಿನಲ್ಲಿ ನಮ್ಮ ಪಕ್ಕದ ಎಸ್ಟೇಟಿನ ನರ್ಸರಿ ಹೆಂಗಸರು ಕೂತಿದ್ದರು. ವಿಜ್ಞಾನ ಎಲ್ಲರಿಗೂ ಸೇರಬೇಕೆಂದು ಹಟ ಹಿಡಿದು ಅವರನ್ನು ಕರೆಸಿದವಳೂ ನಾನೇ.

"ಕಾಫಿ ಸಸಿ ಚೀಲಕ್ಕೆ ನೆಡುವಾಗ ತಾಯಿಬೇರು ಬಾಗಿದರೆ ಏನಾಗತ್ತೆ?" ಎಂದು ಮೈಕಿನಲ್ಲಿ ಕೇಳಿದೆ.

"ಗಿಡ ಸಾಯೋವರ್ಗೂ ಸೊರಗ್ತದೆ!" ಎಂದು ಆ ಸಾಲು ಒಟ್ಟಿಗೆ ಕೂಗಿತು.

"ನೆಟ್ಟ ಕೈಯ ತಪ್ಪು ಗಿಡದಲ್ಲಿ ಕೊನೆಯವರೆಗೂ ಉಳಿಯತ್ತೆ. ಹೊಟ್ಟೆಯಲ್ಲಿರುವ ಮಗುವೂ ಹಾಗೇ. ತಾಯಿಯ ಚಿಂತೆ, ಊಟ, ದಣಿವು ಎಲ್ಲವೂ ಅದರ ಮೇಲೆ ಬರೆದಿರತ್ತೆ!"

ಚಪ್ಪಾಳೆ ಬಂತು. ಆ ಸಾಲಿನಲ್ಲಿ ಭವ್ಯಾ ಕೂಡ ಇದ್ದಳು. ಅವಳ ಆರು ವರ್ಷದ ಮಗಳು ಪಂಚಮಿಗೆ ಆಗಸ್ಟಿನಲ್ಲಿ ಮೆದುಳಿನ ಗೆಡ್ಡೆಯ ಆಪರೇಷನ್ ಆಗಿತ್ತು. ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗಂಜಿ ಮಾಡಿ ಕಳಿಸಿದವಳು ನಾನು. ಆದರೆ ಭಾಷಣ ಓದಲು ನಾನು ಹಾಕಿಕೊಂಡಿದ್ದು ಓದುವ ಕನ್ನಡಕ. ಅದರಲ್ಲಿ ನನ್ನ ಅಕ್ಷರ ಬಿಟ್ಟು ಬೇರೇನೂ ಕಾಣುವುದಿಲ್ಲ.

ಫೆಬ್ರವರಿ ಮೊದಲ ವಾರ ಭವ್ಯಾಳ ಅತ್ತೆ ಅಣ್ಣಮ್ಮ ಮನೆಗೆ ಬಂದಳು. ಬರಿಗೈಲಿ ಬರಬಾರದೆಂದು ಒಂದು ಹಿಡಿ ಕೆಸುವಿನ ಸೊಪ್ಪು ತಂದಿದ್ದಳು. ಅದನ್ನು ಜಗಲಿಯ ಮೇಲಿಟ್ಟು ನೆಲ ನೋಡುತ್ತಾ ಹೇಳಿದಳು.

"ಟೀಚರಮ್ಮ, ಸೋಮವಾರ ಮಂಗಳೂರಲ್ಲಿ ಮಗೀಗೆ ಸ್ಕ್ಯಾನಿಂಗ್. ಅಮ್ಮ ಪಕ್ಕದಲ್ಲಿ ಇಲ್ದಿದ್ರೆ ಅದು ಮಿಷನ್ ಒಳಗೆ ಮಲಗಾದೇ ಇಲ್ಲ. ಇವ್ಳು ನೋಡಿದ್ರೆ ನಾ ಬರಲ್ಲ ಅಂತಾಳೆ."

"ಯಾಕಂತೆ?"

"ಆಪರೇಷನ್ನಲ್ಲಿ ತೆಗ್ದ ಗೆಡ್ಡೆ ಚೂರು ಆಸ್ಪತ್ರೇಲಿ ಇಟ್ಟಿದಾರಂತೆ, ಸಂಶೋಧನೆಗೆ. ಅಪ್ಪ ಅಮ್ಮನ ರಕ್ತಾನೂ ಕೊಡಿ, ಸಹಿ ಹಾಕಿ ಅಂತ ಕೇಳಿದ್ರು. ಇವ್ಳು ಹೇಳ್ತಾಳೆ, ಅದ್ರಲ್ಲಿ ಎಲ್ಲ ಬರ್ದಿರ್ತದೆ, ನಾ ಎಂತ ಮಾಡಿದ್ದೆ ಅಂತ ಡಾಕ್ಟ್ರು ಓದಿಬಿಡ್ತಾರೆ ಅಂತ." ಅವಳು ತಲೆ ಎತ್ತಿದಳು. "ನೀವೇ ಹೇಳಿದ್ದಂತೆ, ಹೌದಾ ಅಮ್ಮ?"

ಭವ್ಯಾ ಪಂಚಮಿಯನ್ನು ಹೊತ್ತ ವರ್ಷವೂ ನರ್ಸರಿಯಲ್ಲಿ ಸಸಿ ನೆಟ್ಟಿದ್ದಳು. ಈಗ ಮೇಸ್ತ್ರಿ ಏಕಾಂತಪ್ಪನಿಗೆ ಹೇಳಿ ಸಸಿ ನೆಡುವುದನ್ನು ಬಿಟ್ಟು ಮಣ್ಣು ಜರಡಿ ಹಿಡಿಯುವ ಕೆಲಸ ಹಾಕಿಸಿಕೊಂಡಿದ್ದಳು. ಮಗಳ ತಲೆ ಮುಟ್ಟುತ್ತಿರಲಿಲ್ಲ. ಎಣ್ಣೆ ಹಚ್ಚುವುದೂ ಸ್ಕಾರ್ಫ್ ಕಟ್ಟುವುದೂ ಅಣ್ಣಮ್ಮನ ಪಾಲಿಗೆ ಬಂದಿತ್ತು.

ನಾನು ಪ್ರೇರಣಾಳಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ.

"ಟೀಚರ್, ತಾಯಿಯ ಚಿಂತೆಯ ಮಾತು ಎಲ್ಲಿಂದ ತಂದ್ರಿ?"

"ವಾರಪತ್ರಿಕೆಯಲ್ಲಿತ್ತು. ಇಲಿಗಳ ಮೇಲಿನ ಪ್ರಯೋಗ."

"ಇಲಿಗಳ ಸ್ವಭಾವದ ಮೇಲಿನದು! ಅದಕ್ಕೂ ಪಂಚಮಿ ಗೆಡ್ಡೆಗೂ ಸಂಬಂಧ ಇಲ್ಲ. ಪರೀಕ್ಷೇಲಿ ನಾನು ಹೀಗೆ ಬರೆದಿದ್ರೆ ಎಷ್ಟು ಕೊಡ್ತಿದ್ರಿ?"

"ಸೊನ್ನೆ," ಎಂದೆ.

"ಅಕ್ಷರ ಚೆನ್ನಾಗಿದೆ ಅಂತ ಒಂದು ಮಾರ್ಕ್ ಕೊಡ್ತಿದ್ರಿ ನೀವು," ಎಂದಳು. ಬೈಯುವಾಗಲೂ ಆ ಹುಡುಗಿಗೆ ಅಷ್ಟು ಕರುಣೆ ಇತ್ತು. ಆಮೇಲೆ ನಿಧಾನವಾಗಿ ಹೇಳುತ್ತಾ ಹೋದಳು. ನಾನು ಪೆನ್ಸಿಲ್ ಹಿಡಿದು ವಿದ್ಯಾರ್ಥಿಯ ಹಾಗೆ ಬರೆದುಕೊಂಡೆ. ಅಡುಗೆಮನೆಯಿಂದ ನಮ್ಮ ಮನೆಯವರು ಜನಾರ್ದನ ಕೂಗಿದರು: "ವಿಜ್ಞಾನಿಗಳೇ, ಹಾಲು ಉಕ್ಕಿ ಒಲೆ ಆರಿತು!"

ಮರುದಿನ ಬೆಳಿಗ್ಗೆ ನರ್ಸರಿಗೆ ಹೋದೆ. ಇಳಿಜಾರಿನ ಕೆಳಗೆ ಭವ್ಯಾ ಜರಡಿ ಅಲ್ಲಾಡಿಸುತ್ತಿದ್ದಳು. ನಾನು ಇಳಿಯುವುದನ್ನು ಕಂಡು ಓಡಿಬಂದು, ನನ್ನ ಕಾಲಿಗೆ ಸಿಗಬಹುದಾಗಿದ್ದ ಎರಡು ಕಲ್ಲು ಎತ್ತಿ ಆಚೆ ಹಾಕಿ, ಮತ್ತೆ ಜರಡಿ ಹಿಡಿದಳು. ನನ್ನಿಂದ ಇಷ್ಟು ನೊಂದವಳು ನನ್ನ ಮೊಣಕಾಲಿನ ಬಗ್ಗೆ ಯೋಚಿಸಿದ್ದಳು. ನಾನು ಅವಳ ಕಿವಿಯ ಹತ್ತಿರ ಬಾಗಿ, "ನಾನು ಹೇಳಿದ್ದು ತಪ್ಪು ಮಾರಾಯ್ತಿ. ನಿನ್ನಿಂದ ಏನೂ ಆಗಿಲ್ಲ," ಎಂದೆ.

ಅವಳು ಜರಡಿ ನಿಲ್ಲಿಸಲಿಲ್ಲ. "ಸಮಾಧಾನಕ್ಕೆ ಹೇಳ್ತೀರಿ, ಗೊತ್ತು ಬಿಡಿ."

"ಇಲ್ಲ ಭವ್ಯಾ, ನಿಜ."

"ಅವತ್ತು ಎಲ್ರ ಎದುರಿಗೆ, ಕನ್ನಡ್ಕ ಹಾಕ್ಕೊಂಡು, ಹಾಳೆ ನೋಡಿ ಹೇಳಿದ್ರಿ. ಇವತ್ತು ಕಿವೀಲಿ ಹೇಳ್ತಿದೀರಿ. ಯಾವ್ದು ನಿಜ ಅನ್ಲಿ ನಾನು?"

ಮೂವತ್ತೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

ಏಕಾಂತಪ್ಪನ ಬಳಿ ಹೋಗಿ, ಹತ್ತು ಗಂಟೆಯ ಕಾಫಿಯ ಹೊತ್ತಿನಲ್ಲಿ ನನಗೆ ಐದು ನಿಮಿಷ ಬೇಕು ಎಂದೆ. "ನಿಮ್ದು ಐದು ನಿಮಿಷ ಅಂದ್ರೆ ಎಷ್ಟಮ್ಮ?" ಎಂದು ಕೇಳಿದ. ಅವನ ಹೆಂಡತಿ ಆ ಭಾಷಣ ಕೇಳಿದ್ದಳು. ಆದರೂ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಸೀಟಿ ಊದಿದ. ನನ್ನ ಮಾತು ಹೆಂಗಸರ ಕಾಫಿಯ ಸಮಯ ತಿನ್ನಬಾರದೆಂದು ಹಾಗೆ ಮಾಡಿದನೆಂದು ಆಮೇಲೆ ತಿಳಿಯಿತು. ನಾನು ನಿಲ್ಲಲೆಂದು ಒಂದು ಹಣ್ಣಿನ ಕ್ರೇಟನ್ನು ಮಗುಚಿ ಹಾಕಿದ, ಅದು ಅಲುಗುತ್ತದೋ ಎಂದು ತಾನೇ ಮೊದಲು ಹತ್ತಿ ನೋಡಿದ.

ಚಪ್ಪರದ ನೆರಳಿನಲ್ಲಿ ಹದಿನಾಲ್ಕು ಹೆಂಗಸರು. ನಾನು ಓದುವ ಕನ್ನಡಕ ಹಾಕಿಕೊಂಡು, ಹಾಳೆ ಹಿಡಿದು ಕ್ರೇಟ್ ಹತ್ತಿದೆ. ಮೊದಲ ಸಾಲನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ. ಸುಳ್ಳು ಹೇಳಿದ ದಿನ ಹಾಗೆ ಓದಿಕೊಂಡಿರಲಿಲ್ಲ.

"ಸಂಕ್ರಾಂತಿಯ ದಿನ ನಾನು ತಪ್ಪು ಹೇಳಿದೆ," ಎಂದು ಓದಿದೆ. "ಇಲಿಗಳ ಮೇಲೆ ನಡೆದ ಪ್ರಯೋಗವನ್ನು ತಂದು ತಾಯಂದಿರ ಮೇಲೆ ಹಾಕಿದೆ. ಮಕ್ಕಳ ಮೆದುಳಿನ ಗೆಡ್ಡೆ ತಾಯಿ ತಿಂದದ್ದರಿಂದ, ಅತ್ತದ್ದರಿಂದ, ದುಡಿದದ್ದರಿಂದ ಬರುತ್ತದೆ ಎಂದು ಯಾರೂ ಕಂಡುಹಿಡಿದಿಲ್ಲ. ಕೋಟಿಗಟ್ಟಲೆ ಜೀವಕೋಶ ಹುಟ್ಟುವಾಗ ಎಲ್ಲೋ ಒಂದರಲ್ಲಿ ಗುರುತು ತಪ್ಪುತ್ತದೆ. ಆ ಕೋಶ ಬೆಳೆದು ಮೆದುಳಿನ ಕೋಶವಾಗುವ ಬದಲು ಎಳೆಯದಾಗಿಯೇ ಉಳಿದು, ತನ್ನಂಥವನ್ನೇ ಹುಟ್ಟಿಸುತ್ತದೆ. ಹಾಗೇಕೆ ಎಂದು ಹೆಚ್ಚಿನ ಮಕ್ಕಳಲ್ಲಿ ಗೊತ್ತಿಲ್ಲ. ಕೆಲವರಲ್ಲಿ ಮಾತ್ರ ಹುಟ್ಟಿನಿಂದ ಬಂದ ಒಂದು ದೋಷ ಇರುತ್ತದೆ. ಅದನ್ನು ನೋಡಲಿಕ್ಕೆ ರಕ್ತ ಕೇಳುತ್ತಾರೆ. ಅದೂ ಯಾರ ತಪ್ಪೂ ಅಲ್ಲ. ತಾಯಿ ಏನು ಮಾಡಿದ್ದಳು ಎಂದು ಆ ರಕ್ತದಲ್ಲೂ ಇಲ್ಲ, ಗೆಡ್ಡೆಯಲ್ಲೂ ಇಲ್ಲ. ಬಾಗಿದ ಬೇರಿನ ಮಾತನ್ನು ನಾನು ಚಪ್ಪಾಳೆಗಾಗಿ ಹೇಳಿದೆ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲೂ ಇಲ್ಲ."

ಚಪ್ಪಾಳೆ ಬರಲಿಲ್ಲ. ಹೆಂಗಸರೆಲ್ಲ ಒಮ್ಮೆಗೇ ಲೋಟಗಳ ಕಡೆ ತಿರುಗಿ, ಕಾಫಿ ಬಿಸಿಯಿದೆಯೋ ಇಲ್ಲವೋ ಎಂದು ಜೋರಾಗಿ ಚರ್ಚಿಸತೊಡಗಿದರು. ನಾನು ಕಣ್ಣೊರೆಸಿಕೊಳ್ಳುವಷ್ಟು ಹೊತ್ತು ಆ ಚರ್ಚೆ ನಡೆಯಿತು.

ಭವ್ಯಾ ಮೊಳಕೆಯ ಮಡಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಮೊಳೆತ ಕಾಫಿ ಬೀಜ ಹೊಟ್ಟನ್ನು ತಲೆಯ ಮೇಲೆ ಹೊತ್ತೇ ಮಣ್ಣಿನಿಂದ ಏಳುತ್ತದೆ. ಅದಕ್ಕೆ ಇಲ್ಲಿ ಟೋಪಿ ಅನ್ನುತ್ತಾರೆ. ಮುಂದೆ ಹೊಟ್ಟು ಬಿದ್ದು ಎರಡು ಎಲೆ ಬಿಚ್ಚಿಕೊಳ್ಳುತ್ತವೆ. ಮಡಿಯ ತುದಿಯಲ್ಲಿ ಹಳೆಯ ಸಸಿಗಳೆಲ್ಲ ಎಲೆ ಬಿಚ್ಚಿದ್ದವು. ನಡುವೆ ಒಂದು ಮಾತ್ರ ಟೋಪಿ ಹೊತ್ತು ಹಾಗೇ ನಿಂತಿತ್ತು.

"ಟೀಚರಮ್ಮ, ಇದ್ರ ಥರನಾ?" ಎಂದು ಕೇಳಿದಳು. "ಒಂದೇ ಬೀಜ, ಒಂದೇ ಮಡಿ, ನೀರೂ ಒಂದೇ. ಇದೊಂದು ಟೋಪಿ ಬಿಡಾದೇ ಇಲ್ಲ. ಪ್ರತಿ ಮಡೀಲೂ ಒಂದಾದ್ರೂ ಇರ್ತದೆ. ಯಾರ ಕೈಯದ್ದೂ ಅಲ್ಲ ಅದು."

ನನ್ನ ಬಾಯಿಗೆ "ಹೌದು, ಹೌದು, ಹಾಗೇ!" ಎಂದು ಬಂದೇಬಿಟ್ಟಿತ್ತು. ತುಟಿ ಕಚ್ಚಿಕೊಂಡೆ. "ನನಗೆ ಗೊತ್ತಿಲ್ಲ. ಕೇಳೋಣ," ಎಂದೆ.

ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಇಬ್ಬರೂ ಅಲ್ಲಿಗೆ ಹೋಗಿ ಫೋನನ್ನು ಸ್ಪೀಕರಿಗೆ ಹಾಕಿದೆವು. ಭವ್ಯಾ ತಾನೇ ಕೇಳಿದಳು. ಪ್ರೇರಣಾ ಕೆಲಸ ಬಿಟ್ಟು ಹೊರಗೆ ಬಂದಿರಬೇಕು, ಬಾಗಿಲು ಮುಚ್ಚಿದ ಸದ್ದಾಯಿತು.

"ಪೂರ್ತಿ ಹಾಗಲ್ಲ ಅಕ್ಕ. ಟೋಪಿ ಬಿಡದ ಸಸಿ ಸುಮ್ನೆ ನಿಲ್ಲತ್ತೆ. ಗೆಡ್ಡೆಯ ಕೋಶ ಸುಮ್ನಿರಲ್ಲ, ಹೆಚ್ತಾ ಹೋಗತ್ತೆ. ಅದಕ್ಕೇ ಆಪರೇಷನ್ನು, ಅಷ್ಟೆಲ್ಲ ಔಷಧಿ. ಆದ್ರೆ ಬಿಚ್ಚಿಕೊಳ್ಳದೆ ಉಳೀತು ಅನ್ನೋದು ಸರಿ, ಯಾರ ಕೈಯದ್ದೂ ಅಲ್ಲ ಅನ್ನೋದೂ ಸರಿ."

"ಆ ಹೊಟ್ಟು ಬಿಡ್ಸಕ್ಕೆ ಬರ್ತದಾ?"

"ಅದನ್ನೇ ಹುಡುಕ್ತಿದೀವಿ. ಇನ್ನೂ ಸಿಕ್ಕಿಲ್ಲ. ಹುಡುಕೋಕೆ ಅಂಥ ಚೂರುಗಳು ಬೇಕು. ಆದ್ರೆ ಕೊಡ್ಲೇಬೇಕು ಅಂತಿಲ್ಲ ಅಕ್ಕ. ಸಹಿ ಹಾಕದಿದ್ರೂ ಮಗುವಿನ ಚಿಕಿತ್ಸೇಲಿ ಏನೂ ವ್ಯತ್ಯಾಸ ಆಗಲ್ಲ. ಸ್ಕ್ಯಾನಿಗೆ ಮಾತ್ರ ಹೋಗಿ."

"ಸ್ಕ್ಯಾನಲ್ಲಿ ಎಂತ ಬರ್ತದೆ?"

"ಅದು ನನಗೂ ಗೊತ್ತಿಲ್ಲ ಅಕ್ಕ."

ಭವ್ಯಾ ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. "ಈ ಹುಡ್ಗಿ ಗೊತ್ತಿಲ್ಲ ಅಂತ ಎಷ್ಟು ಸಲೀಸಾಗಿ ಹೇಳ್ತಾಳಲ್ಲ," ಎಂದಳು. "ನಿಮ್ಮತ್ರಾನೇ ಕಲ್ತಿದ್ದಾ?"

"ಇಲ್ಲ. ನನ್ನ ಹತ್ತಿರ ಕಲಿತ ಮೇಲೂ ಅದು ಉಳಿದಿದೆ," ಎಂದೆ.

ಅವಳು ನಕ್ಕಳು. ಸ್ಕ್ಯಾನಿಗೆ ಹೋಗುತ್ತೇನೆ ಎಂದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಇಳಿದು ಹೋಗಿ ಜರಡಿಯನ್ನು ಗೋಡೆಗೆ ಒರಗಿಸಿಟ್ಟಳು.

ಸೋಮವಾರ ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿಗೆ ಹೋದೆ. ಕೈಯಲ್ಲಿ ಚಿತ್ರಾನ್ನದ ಡಬ್ಬಿ ಇತ್ತು. ನಿಜ ಹೇಳಬೇಕೆಂದರೆ ಅದು ನೆಪ. ಮಂಗಳೂರಿನ ಬಸ್ಸಿನ ಕಿಟಕಿಯಲ್ಲಿ ಅಣ್ಣಮ್ಮ ಕಾಣುತ್ತಾಳೋ ಭವ್ಯಾ ಕಾಣುತ್ತಾಳೋ ಎಂದು ತಿಳಿಯದೆ ಮನೆಯಲ್ಲಿ ಕೂರಲು ನನ್ನಿಂದಾಗಲಿಲ್ಲ.

ಬಸ್ಸಿನ ಮೂರನೇ ಸೀಟಿನಲ್ಲಿ ಪಂಚಮಿಯ ಅಪ್ಪ ಅನಿಲ್ ಫೈಲು ಹಿಡಿದು ಕೂತಿದ್ದ. ಕಿಟಕಿಯ ಪಕ್ಕ ಭವ್ಯಾ. ಪಂಚಮಿ ಅವಳ ತೊಡೆಯ ಮೇಲಿದ್ದಳು. ಸ್ಕಾರ್ಫ್ ಬಿಚ್ಚಿಹೋಗಿತ್ತು. ಬೋಳುತಲೆಯಲ್ಲಿ ಎಳೆಗೂದಲು ಹುಟ್ಟತೊಡಗಿತ್ತು. ಭವ್ಯಾ ಉಗುರುಗಳಲ್ಲಿ ನರ್ಸರಿಯ ಕಪ್ಪು ಮಣ್ಣಿದ್ದ ಆ ಬೆರಳುಗಳಿಂದ, ಸಸಿಯ ಬೇರು ಬಾಗದಂತೆ ಇಳಿಬಿಡುವಾಗಿನಷ್ಟೇ ಹುಷಾರಾಗಿ, ಸ್ಕಾರ್ಫನ್ನು ಮಗಳ ತಲೆಗೆ ಮತ್ತೆ ಕಟ್ಟುತ್ತಿದ್ದಳು.

ಕಿಟಕಿಯಿಂದ ಡಬ್ಬಿ ಕೊಟ್ಟೆ. ಕಾಗದಕ್ಕೆ ಸಹಿ ಹಾಕುತ್ತಾಳೋ ಇಲ್ಲವೋ ಎಂದು ಕೇಳಲಿಲ್ಲ. ಕೇಳದೆ ಇರಲು ನನಗೆ ಎಷ್ಟು ಕಷ್ಟವಾಯಿತೆಂದು ನಮ್ಮ ಮನೆಯವರಿಗೆ ಮಾತ್ರ ಅರ್ಥವಾದೀತು.

ಧೈರ್ಯ ಹೇಳಬೇಕೆಂದು ಬಾಯಿ ತೆರೆದೆ. "ನೋಡು ಪುಟ್ಟೀ, ಆ ಮಿಷನ್ನು ಅಂದ್ರೆ ಏನು ಗೊತ್ತಾ..."

"ಅಜ್ಜೀ, ಬಸ್ಸು ಹೊರಡ್ತದೆ," ಎಂದಳು ಪಂಚಮಿ. "ನಂಗೆ ಅಮ್ಮ ಹೇಳ್ತಾರೆ."