ಮೀನಿಲ್ಲದ ಶಂಖ

ಶಂಖದ ದನಿ ಕೇಳಿದ್ದೇ ತಡ, ರೋಶ್‌ಬೇ ಊರಿನ ಜನ ಬೇಸಿನ್ನು, ಬಕೆಟ್ಟು ಹಿಡಿದು ಕಡಲ ದಂಡೆಗೆ ಇಳಿದರು. ಜೀಗುಜ್ಜೆ ಸುಡಲಿಟ್ಟವರು ಕೆಂಡದ ಮೇಲೇ ಬಿಟ್ಟು ಓಡಿ ಬಂದರು. ಬಲೆ ತುಂಬಿ ಬಂದಾಗ ಮಾತ್ರ ಅಲ್ಲಿ ಶಂಖ ಊದುವುದು. ಬಂದು ನೋಡಿದರೆ ದೋಣಿಗಳೆಲ್ಲ ಮರಳಿನ ಮೇಲೆ ಬೋರಲಾಗಿ ಮಲಗಿವೆ. ಮೀನುಕಟ್ಟೆಯ ಮೇಲೆ ಮೀನುಗಾರಿಕೆಯ ಮಂತ್ರಿ ಯೂಲಾಲಿ ಬೈನೋ ನಿಂತಿದ್ದಾಳೆ. ಪಕ್ಕದಲ್ಲಿ ಆಕೆಯ ಚುನಾವಣಾ ಏಜೆಂಟ್ ಕ್ಲೌಸ್ಟನ್, ಅವನ ಕೈಯಲ್ಲಿ ಶಂಖ.

"ಮೀನೆಲ್ಲೋ?" ಎಂದಳು ಮೀನು ಮಾರುವ ಡೋರ್ಕಾಸ್.

"ಮೀನಿಲ್ಲ ಅಕ್ಕ, ಮಂತ್ರಿಗಳು ಬಂದಿದಾರೆ. ಜನ ಬೇಗ ಸೇರ್ಲಿ ಅಂತ ಊದ್ದೆ."

"ಮಂತ್ರೀನ ಹುರ್ಕೊಂಡು ತಿನ್ನಕ್ಕಾಗುತ್ತೇನೋ?"

"ಬ್ಯಾಡಕ್ಕ, ಮುಳ್ಳು ಜಾಸ್ತಿ!" ಹಿಂದಿನಿಂದ ಯಾರೋ ಕೂಗಿದರು.

ಎಲ್ಲರೂ ನಕ್ಕರು, ಯೂಲಾಲಿಯೂ ನಕ್ಕಳು. ಇಪ್ಪತ್ತು ವರ್ಷ ಈ ಊರಿನ ಶಾಲೆಯಲ್ಲಿ ಪಾಠ ಹೇಳಿ, ಆಮೇಲೆ ಹದಿನೈದು ವರ್ಷ ಈ ಊರಿನ ಓಟಿನಿಂದ ಪಾರ್ಲಿಮೆಂಟಿನಲ್ಲಿ ಕೂತವಳು ಆಕೆ. ಮೂರು ಚುನಾವಣೆಯಲ್ಲೂ ಕೊಟ್ಟ ಮಾತು ಒಂದೇ: ರಾಜಧಾನಿಗೆ ಒಳ್ಳೆಯ ರಸ್ತೆ. ಅದೀಗ ಕೈಗೆಟುಕುವಷ್ಟು ಹತ್ತಿರ ಬಂದಿತ್ತು. ದೊಡ್ಡ ಹೋಟೆಲೊಂದನ್ನು ಕಟ್ಟಲು ಈ ದಂಡೆಯನ್ನು ಬಿಟ್ಟುಕೊಟ್ಟರೆ ಹೋಟೆಲಿನವರೇ ರಸ್ತೆ ಮಾಡಿಸುತ್ತಾರೆ. ಮಧ್ಯಾಹ್ನ ಎರಡಕ್ಕೆ ಪಾರ್ಲಿಮೆಂಟಿನಲ್ಲಿ ಅದರ ಮತದಾನ. ಸರ್ಕಾರಕ್ಕಿರುವುದು ಒಂದೇ ಓಟಿನ ಬಹುಮತ.

"ಇವತ್ತು ನಾನು ಹೋಟೆಲ್ ಬೇಡ ಅಂತ ಓಟು ಹಾಕ್ತೀನಿ," ಎಂದಳು ಯೂಲಾಲಿ. ತರಗತಿಯ ಕೊನೆಯ ಬೆಂಚಿಗೂ ಮುಟ್ಟುವ ದನಿ ಅದು. "ಹೋಟೆಲ್ ಬಂದ್ರೆ ಇಲ್ಲಿ ಯಾರೂ ಬಲೆ ಎಳೆಯೋ ಹಾಗಿಲ್ಲ. ಆದ್ರೆ ಹೋಟೆಲ್ ಇಲ್ಲ ಅಂದ್ರೆ ರಸ್ತೇನೂ ಇಲ್ಲ. ಅದನ್ನ ನಿಮ್ಮ ಮುಖ ನೋಡಿ ಹೇಳಬೇಕಿತ್ತು."

ನಗು ಅಲ್ಲಿಗೇ ನಿಂತಿತು.

"ಹೋದ ತಿಂಗ್ಳು ಮಂತ್ರಿಗಳ ಸಭೇಲಿ ಹೋಟ್ಲು ಬರ್ಲಿ ಅಂತ ಕೈ ಎತ್ತಿದ್ಯಾರು, ಟೀಚರ್?" ಡೋರ್ಕಾಸ್ ಕೇಳಿದಳು.

"ಅದೆಲ್ಲ ಒಳಗಿನ ವಿಚಾರ," ಎಂದು ಕ್ಲೌಸ್ಟನ್ ಬಾಯಿ ಹಾಕಿದ. ಯೂಲಾಲಿ ಅವನನ್ನು ತಡೆದಳು.

"ನಾನೂ ಎತ್ತಿದ್ದೆ. ರಸ್ತೆ ಆಸೆಗೆ. ತಪ್ಪು ಮಾಡ್ದೆ."

ದೋಣಿಯ ಆಸ್ಬರ್ಟ್ ಮುಂದೆ ಬಂದ. ಆಕೆಯ ಹತ್ತಿರವೇ ಮಗ್ಗಿ ಕಲಿತವನು. "ನನ್ ಹೆಂಡ್ತಿ ಆಸ್ಪತ್ರೆ ಮುಟ್ಟೋಕಾಗ್ದೆ ಆ ಗುಂಡಿ ದಾರೀಲೇ ಹೆತ್ಲು. ಗೊತ್ತಲ್ವಾ ನಿಮ್ಗೆ?"

"ಗೊತ್ತು."

"ಗೊತ್ತಿದ್ದೂ ಬೇಡ ಅಂತೀರಾ?"

"ಅಂತೀನಿ, ಆಸ್ಬರ್ಟ್."

ಯಾರೂ ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ. ಬೇಸಿನ್ನುಗಳನ್ನು ಸೊಂಟಕ್ಕೇರಿಸಿಕೊಂಡು ಒಬ್ಬೊಬ್ಬರಾಗಿ ದಿಬ್ಬ ಹತ್ತಿದರು.

ಯೂಲಾಲಿ ಕಟ್ಟೆ ಇಳಿಯುವಷ್ಟರಲ್ಲಿ ಪ್ರಧಾನಿಯ ಕಚೇರಿಯಿಂದ ಫೋನು ಬಂತು. ಸುದ್ದಿ ಆಕೆಗಿಂತ ಮೊದಲೇ ರಾಜಧಾನಿ ಸೇರಿತ್ತು. ಆಕೆ ಈಗ ಮಂತ್ರಿಯಲ್ಲ, ಸರ್ಕಾರದ ಕಾರನ್ನು ಕೂಡಲೇ ವಾಪಸ್ ಕಳಿಸಬೇಕಂತೆ.

"ಕಳಿಸ್ತೀನಿ. ಎರಡು ಗಂಟೆಗೆ ಓಟು ಹಾಕೋಕೆ ನಾನೂ ಬರ್ತೀನಿ ಅಂತ ಹೇಳಿ," ಎಂದಳು.

ಕಾರಿನ ಡ್ರೈವರ್ ತಲೆ ಕೆರೆದುಕೊಂಡ. "ಪೇಟೆವರೆಗಾದ್ರೂ ಬಿಡ್ಲಾ, ಮೇಡಂ?"

"ಬೇಡಪ್ಪ. ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ."

ಬಾದಾಮಿ ಮರದ ಕೆಳಗೆ ರಾಜಧಾನಿಯ ವ್ಯಾನು ಹೊರಡಲು ಸಿದ್ಧವಾಗಿತ್ತು. ಮೂರು ಜನ ಕೂರುವ ಸೀಟಿನಲ್ಲಿ ಆಗಲೇ ನಾಲ್ವರು. ಆಕೆಯನ್ನು ಕಂಡು ವ್ಯಾನಿನವನು ಹಾಡಿನ ಸದ್ದು ತಗ್ಗಿಸಿದ. ಒಳಗಿದ್ದವರು ಕಿಟಕಿಯತ್ತ ಮುಖ ತಿರುಗಿಸಿದರು. ಯೂಲಾಲಿ ಹಿಂದೆ ಸರಿಯಲಿಲ್ಲ. ಬಾಗಿಲಿನ ಕಂಬಿ ಹಿಡಿದು, "ಜಾಗ ಇದೆಯಾ?" ಎಂದಳು.

ಬಾಗಿಲ ಪಕ್ಕದ ಸೀಟಿನ ತುದಿಯಲ್ಲಿ ಆಸ್ಬರ್ಟ್ ಕಿಟಕಿಯತ್ತಲೇ ನೋಡುತ್ತ ಕೂತಿದ್ದ.

"ಕಲ್ಲಿನ ಹಾಗೆ ಕೂತಿದೀಯಲ್ಲೋ ಆಸ್ಬರ್ಟ್," ಎಂದಳು ಹಿಂದೆ ಕೂತಿದ್ದ ಡೋರ್ಕಾಸ್. "ಒತ್ಕೊಳ್ಳೋ ಆ ಕಡೆ."

ಆಸ್ಬರ್ಟ್ ತಿರುಗಿ ನೋಡದೆ ಒತ್ತಿಕೊಂಡ. ಅಂಗೈಯಗಲ ಜಾಗವಾಯಿತು. ಯೂಲಾಲಿ ಅಷ್ಟರಲ್ಲೇ ಕೂತಳು.

ವ್ಯಾನು ಏರು ಹತ್ತಿತು. ಮೊದಲ ಗುಂಡಿಗೆ ಎಲ್ಲರ ಭುಜಗಳೂ ಒಟ್ಟಿಗೆ ತಾಗಿದವು. ಎರಡನೆಯದು ಆಳವಾಗಿತ್ತು, ಆಕೆ ಸೀಟಿನ ತುದಿಯಿಂದ ಜಾರಿದಳು. ಆಸ್ಬರ್ಟ್ ಕಿಟಕಿಯಾಚೆ ಕಡಲನ್ನು ನೋಡುತ್ತಲೇ ಆಕೆಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಗುಂಡಿಗಳು ಮುಗಿದು ಡಾಂಬರು ಸಿಗುವವರೆಗೂ ಬಿಡಲಿಲ್ಲ.